ಮೊಮ್ಮಗಳ ಗ್ರೀಕ್ ಹೆಸರೂ ಬೀಗಿತ್ತಿಯ ಮೌನವೂ

ಮಗುವಿಗೆ ಹೆಸರು ಹುಡುಕುವ ಮನೆಯಲ್ಲಿ ಎಂಥ ಬುದ್ಧಿವಂತರೂ ಒಂದಿಲ್ಲೊಂದು ಎಡವಟ್ಟು ಮಾಡಿಯೇ ತೀರುತ್ತಾರೆ. ಹಾಸನದ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಹಾಜರಿ ಕೂಗಿದವಳಾದ್ದರಿಂದ ಈ ಮಾತನ್ನು ಅಧಿಕಾರದಿಂದ ಹೇಳಬಲ್ಲೆ. ನಿವೃತ್ತಳಾದ ಮೇಲೆ ಇಂಥವು ನನ್ನ ಕಣ್ಣಿಗೆ ಬೀಳಲಾರವೆಂದು ತಿಳಿದಿದ್ದೆ. ಆಗ ಅಮೆರಿಕದ ಪ್ಲೆಸೆಂಟನ್‌ನಲ್ಲಿರುವ ಮಗಳು ಗರ್ಭಿಣಿಯಾದಳು. ಹೆಣ್ಣುಮಗುವೆಂದು ಮೊದಲೇ ತಿಳಿಯಿತು. ಬಾಣಂತನಕ್ಕೆಂದು ಬಂದವಳು ನಾನು ಹೆಸರಿನ ಗದ್ದಲಕ್ಕೆ ಸಿಕ್ಕಿಕೊಂಡೆ.

ಆಮೇಲೆ ಏನಾದಳು?

ಅಳಿಯ ಗ್ರೀಕ್ ಮನೆತನದವನು. ಮೊದಲ ಮಗುವಿಗೆ ಗ್ರೀಕ್ ಹೆಸರು, ಎರಡನೆಯದಾದರೆ ಕನ್ನಡದ್ದು ಎಂದು ಗಂಡಹೆಂಡತಿ ಮದುವೆಗೆ ಮುಂಚೆಯೇ ಒಪ್ಪಿಕೊಂಡಿದ್ದರು. ಮಗಳು ಅದಕ್ಕೆ ಇನ್ನೊಂದು ನಿಬಂಧನೆ ಸೇರಿಸಿದಳು: ಹೆಸರು ಅಪರೂಪದ್ದಾಗಿರಬೇಕು.

"ಅಪರೂಪದ್ದೇ ಏಕೆ?" ಎಂದೆ.

"ನಮ್ ಟೀಮಲ್ಲಿ ಮೂರು ಜನ ಸೋಫಿಯಾ ಇದಾರಮ್ಮ. ಮೀಟಿಂಗಲ್ಲಿ ಒಬ್ಳನ್ನ ಕರೆದ್ರೆ ಮೂರು ಮೈಕು ಆನ್ ಆಗುತ್ತೆ."

ಅವಳು ಪ್ರಾಜೆಕ್ಟ್ ಮ್ಯಾನೇಜರು. ಹನ್ನೊಂದು ಹೆಸರುಗಳ ಪಟ್ಟಿ ತಯಾರಿಸಿ, ಒಂದೊಂದರ ಮುಂದೆಯೂ ಐದು ಕಾಲಂ ಎಳೆದಿದ್ದಳು. ಅಳಿಯ ಸೌಮ್ಯ ಸ್ವಭಾವದವನು. ಒಂದು ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ಆ ಪಟ್ಟಿಯನ್ನು ನನಗೆ ಓದಿ ಹೇಳಲು ಕುಳಿತ. ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ; ಅವನ್ನಿಟ್ಟುಕೊಂಡ ಮಕ್ಕಳು ಎಲ್ಲೋ ಸುಖವಾಗಿರಬಹುದು.

"ಮೊದಲನೆಯದು ಕೇಳಲು ಇಂಪಾಗಿದೆ. ಯಾರಿವಳು?" ಎಂದೆ.

"ಹಳೆಯ ಕಥೆಯಲ್ಲಿ ಬರುತ್ತಾಳೆ. ಒಂದು ನದಿಯ ಮಗಳು."

"ಆಮೇಲೆ ಏನಾದಳು?"

"ಮರವಾದಳು."

ಎರಡನೆಯವಳು ಹಸುವಾಗಿದ್ದಳು. ಮೂರನೆಯವಳು ಹಕ್ಕಿ. ನಾಲ್ಕನೆಯವಳ ಹೆಸರು ಬಂದಾಗ ಅವನು ಸ್ವಲ್ಪ ತಡವರಿಸಿ, "ಜೇಡ," ಎಂದ.

"ಕೊನೆಯವರೆಗೂ ಮನುಷ್ಯಳಾಗಿಯೇ ಉಳಿದವಳು ಈ ಪಟ್ಟಿಯಲ್ಲಿ ಒಬ್ಬಳಾದರೂ ಇದ್ದಾಳೆಯೆ?" ಎಂದು ಕೇಳಿದೆ.

ಅಳಿಯ ಫೋನಿನ ಮೇಲೆ ಬೆರಳನ್ನು ಬಹಳ ಹೊತ್ತು ಓಡಿಸಿದ. ಅವನ ಮುಖ ಅರಳಿತು.

"ಇದ್ದಾಳೆ. ಏಳನೆಯವಳು."

"ಅವಳೇನಾದಳು?"

"ಬಲಿ ಕೊಟ್ಟರು."

ಕೂಗಿ ನೋಡಿದ್ದು

ಇಂಥ ಕಥೆಯಿದ್ದವರೆಲ್ಲ ಪಟ್ಟಿಯಿಂದ ಹೋದ ಮೇಲೆ ಎರಡು ಹೆಸರು ಉಳಿದವು: ಮಿರ್ತೊ ಮತ್ತು ಎವಾಂಥಿಯಾ. ಹೆಸರನ್ನು ಕಾಗದದ ಮೇಲೆ ನೋಡಿ ಆರಿಸಬಾರದು, ಬಯಲಿನ ಆಚೆ ತುದಿಗೆ ಕೂಗಿ ನೋಡಬೇಕು ಎಂದು ನಾನು ಹೇಳಿದೆ. ಅನುಭವದ ಮಾತು. ಮಗಳು ತಕ್ಷಣ "ಕೂಗು" ಎಂಬ ಆರನೆಯ ಕಾಲಂ ಸೇರಿಸಿದಳು. ಶನಿವಾರ ಬೆಳಿಗ್ಗೆ ಮೂವರೂ ಮನೆಯ ಹತ್ತಿರದ ಪಾರ್ಕಿಗೆ ಹೋದೆವು.

ಅಳಿಯ ಹುಲ್ಲಿನ ಈ ತುದಿಯಲ್ಲಿ ನಿಂತ. ಎಂಟು ತಿಂಗಳ ಬಸುರಿ ಮಗಳು ಜಾರುಬಂಡೆಯ ಬಳಿ ನಿಂತಳು. ಅವನು ನಾಚಿಕೊಂಡು, ಪಕ್ಕದವರಿಗೂ ಕೇಳದಂತೆ, "ಮಿರ್ತೊ," ಎಂದ.

"ಹಾಗೆ ಕರೆದರೆ ಮುಂದಿನ ಬೆಂಚಿನವಳೂ ಎದ್ದು ನಿಲ್ಲುವುದಿಲ್ಲ," ಎಂದೆ.

ಎರಡನೆಯ ಸಲ ಗಟ್ಟಿಯಾಗಿ ಕೂಗಿದ. ದೂರದ ಮರಗಳ ಹಿಂದಿನಿಂದ ಕರುವಿನಷ್ಟು ದೊಡ್ಡದೊಂದು ಕಂದು ನಾಯಿ ಓಡಿಬಂದು ಅವನ ಕಾಲ ಬುಡದಲ್ಲಿ ಕುಳಿತು ಮುಖ ನೋಡಿತು. ಅದರ ಹಿಂದೆ ಏದುಸಿರು ಬಿಡುತ್ತ ಒಬ್ಬ ಮಧ್ಯವಯಸ್ಕ ಬಂದ.

"ಎರಡು ವರ್ಷದಿಂದ ಕರೆಯುತ್ತಿದ್ದೇನೆ. ನನ್ನ ಮಾತಿಗೆ ಒಂದು ದಿನವೂ ಬಂದದ್ದಿಲ್ಲ," ಎಂದ.

ಅಷ್ಟರಲ್ಲಿ ಮಗಳೂ ಬಂದಳು. "ಇದಕ್ಕೆ ಈ ಹೆಸರು ಎಲ್ಲಿ ಸಿಕ್ಕಿತು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಅಪರೂಪದ ಗ್ರೀಕ್ ಹೆಸರುಗಳು ಎಂದು ಆನ್‌ಲೈನ್‌ನಲ್ಲಿ ಒಂದು ಪಟ್ಟಿ ಇದೆ. ಬೇರೆ ಯಾರೂ ಇಟ್ಟಿರಬಾರದು ಎಂದು ಹುಡುಕಿ ಆರಿಸಿದೆ."

"ನಮ್ದೂ ಅದೇ ಲಿಸ್ಟಮ್ಮ," ಎಂದು ಮಗಳು ನನ್ನ ಕಡೆ ತಿರುಗಿ, ಅಲ್ಲೇ ಫೋನು ತೆಗೆದು ಒಂದು ಸಾಲು ಅಳಿಸಿದಳು.

ನಾಯಿಯ ಯಜಮಾನ ಅಳಿಯನನ್ನು ಪಕ್ಕಕ್ಕೆ ಕರೆದು ವಿನಯದಿಂದ ಒಂದು ಉಪಕಾರ ಬೇಡಿದ. ನನ್ನ ಅಳಿಯ ನಾಯಿಯ ಹೆಸರನ್ನು ಕೂಗಿಕೊಂಡು ಅದನ್ನು ಆತನ ಕಾರಿನವರೆಗೆ ಬಿಟ್ಟುಬಂದ.

ಅತ್ತೆಯ ಹೆಸರು

ಎವಾಂಥಿಯಾ ಎಂದು ತೀರ್ಮಾನವಾಯಿತೆಂದು ನಾನು ನೆಮ್ಮದಿಯಿಂದಿದ್ದೆ. ಅಂದು ಸಂಜೆ ಊಟಕ್ಕೆ ಕುಳಿತಾಗ ಅಳಿಯ ತಟ್ಟೆಯನ್ನೇ ನೋಡುತ್ತ ಒಂದು ಸಂಗತಿ ಹೇಳಿದ. ಅವರ ಮನೆತನದಲ್ಲಿ ಹಿರಿಯ ಮಗನ ಮೊದಲ ಹೆಣ್ಣುಮಗುವಿಗೆ ಅವನ ತಾಯಿಯ ಹೆಸರಿಡುವುದು ವಾಡಿಕೆ, ಅಜ್ಜಿ ಬದುಕಿರುವಾಗಲೇ.

ಮಗಳು ಚಮಚ ಕೆಳಗಿಟ್ಟಳು. "ಇದನ್ನ ಎಂಟನೇ ತಿಂಗಳಲ್ಲಿ ಹೇಳ್ತಿದೀಯಾ?"

"ನಿನಗೆ ಅಪರೂಪದ ಹೆಸರು ಬೇಕಿತ್ತು."

"ಬೇರೆ ಹೆಸರು ಹುಡುಕ್ತಿದೀವಿ ಅಂದಾಗ ಅತ್ತೆ ಏನಂದ್ರು?"

"ಏನೂ ಅನ್ನಲಿಲ್ಲ."

"ಒಂದು ಮಾತೂ?"

"ಒಂದು ಮಾತೂ."

ಮಗಳ ಮುಖ ಬಾಡಿತು. ಬೀಗಿತ್ತಿ ಹತ್ತಿರದ ಓಕ್ಲ್ಯಾಂಡಿನಲ್ಲಿ ಒಬ್ಬರೇ ಇರುವವರು, ಬಂದರಿನ ಕಚೇರಿಯಲ್ಲಿ ಕಂಟೇನರುಗಳ ಪಟ್ಟಿ ತಾಳೆ ನೋಡುತ್ತಿದ್ದು ನಿವೃತ್ತರಾದವರು. ಮದುವೆಯಾದ ಮೊದಲ ವರ್ಷ ಮಗಳು ಜ್ವರದಲ್ಲಿ ಮಲಗಿದ್ದಾಗ ಮೂರು ವಾರ ದಿನವೂ ರೈಲಿನಲ್ಲಿ ಸೂಪು ಹೊತ್ತು ತಂದವರು. ಅವರ ಮನಸ್ಸು ನೋಯಿಸುವುದು ಅವಳಿಂದಾಗದು. ಅವರ ಹೆಸರಿಡುವುದೂ ಆಗದು.

"ಅತ್ತೆ ಹೆಸರು ಬಾಯಲ್ಲಿ ಹೇಳ್ಬಾರ್ದು ಅಂತ ನೀನೇ ಕಲಿಸಿದೀಯಮ್ಮ. ಆರು ವರ್ಷದಲ್ಲಿ ಒಂದು ಸಲ ಹೇಳಿಲ್ಲ. ಈಗ ಅವರ ಎದುರಿಗೇ 'ಸ್ಟಮಾಟಿಯಾ, ಮೂಗು ಒರೆಸ್ಕೋ' ಅಂತ ಹೇಗೆ ಹೇಳ್ಲಿ?"

ಅಳಿಯನಿಗೆ ನಮ್ಮ ಕನ್ನಡ ಅಷ್ಟಿಷ್ಟು ತಿಳಿಯುತ್ತದೆ. ಅವನು ಸಮಾಧಾನ ಹೇಳುವವನಂತೆ, "ನೀನು ಹೇಳಿದರೆ ಅಮ್ಮ ಖಂಡಿತ ಒರೆಸಿಕೊಳ್ಳುತ್ತಾಳೆ," ಎಂದ.

ಆರು ಬಿಸ್ಕತ್ತುಗಳು

ಬೀಗಿತ್ತಿಯ ಮನಸ್ಸಿನಲ್ಲೇನಿದೆ ಎಂದು ತಿಳಿದುಬರಲು ನಾನೇ ರೈಲು ಹತ್ತಿದೆ. ನಮ್ಮಿಬ್ಬರ ನಡುವೆ ನಡೆಯುವುದು ಇಂಗ್ಲಿಷ್. ಅವರದು ಬಂದರಿನದು, ನನ್ನದು ಕಾನ್ವೆಂಟಿನದು.

ಚಹಾದ ಜೊತೆ ಆಕ್ರೋಟಿನ ಬಿಸ್ಕತ್ತು ತಂದರು. "ಬೇಡ," ಎಂದೆ. ಎರಡು ಇಟ್ಟರು. "ದಯವಿಟ್ಟು ಬೇಡ," ಎಂದೆ. ಇನ್ನೆರಡು ಇಟ್ಟರು. ಒಮ್ಮೆ ಕೇಳಬೇಕು, ಬಂದ ಉತ್ತರವನ್ನು ನಂಬಬೇಕು, ಮತ್ತೆ ಪೀಡಿಸಬಾರದು ಎಂದು ನನಗೆ ಕಲಿಸಿದವರು ಕಾನ್ವೆಂಟಿನ ಸಿಸ್ಟರುಗಳು. ಮಗಳನ್ನೂ ನಾನು ಹಾಗೆಯೇ ಬೆಳೆಸಿದ್ದೇನೆ. ಬೀಗಿತ್ತಿಗೆ ಈ ಶಿಕ್ಷಣ ಸಿಕ್ಕಿರಲಿಲ್ಲ. ತಟ್ಟೆಯಲ್ಲಿ ಆರು ಬಿಸ್ಕತ್ತಾದ ಮೇಲೆ ನಾನು ಸುಮ್ಮನಾದೆ.

ಹೆಸರಿನ ವಿಷಯ ಎತ್ತಿದೆ. ಅವರು ಕಿಟಕಿಯ ಕಡೆ ನೋಡಿದರು.

"ನನ್ನ ಹೆಸರಿನ ಅರ್ಥ ಗೊತ್ತೆ? 'ನಿಲ್ಲು' ಎಂದು. ನಾನು ಐದನೆಯ ಹೆಣ್ಣು. ಇನ್ನು ಹೆಣ್ಣು ಹುಟ್ಟದಿರಲಿ ಎಂದು ನನ್ನಪ್ಪ ಇಟ್ಟದ್ದು."

"ನಿಂತಿತೆ?"

"ಆಮೇಲೆ ಇಬ್ಬರು ತಂಗಿಯರು ಹುಟ್ಟಿದರು."

ನಾನು ಕಪ್ಪನ್ನು ಕೆಳಗಿಟ್ಟೆ. "ನಮ್ಮಲ್ಲಿ ಇದಕ್ಕೆ ಸಾಕಮ್ಮ ಎಂದಿಡುತ್ತಾರೆ. ಇಷ್ಟು ಸಾಕು ಎಂದರ್ಥ."

"ಅಂಥ ಹೆಸರಿನವರು ಯಾರಾದರೂ ನಿಮಗೆ ಗೊತ್ತೆ?"

"ನಾನೇ," ಎಂದೆ. "ಕಾನ್ವೆಂಟಿಗೆ ಸೇರಿಸಿದ ದಿನ ಸಿಸ್ಟರ್ ಒಬ್ಬರು ಅರ್ಥ ಕೇಳಿ, 'ಇದು ಹೆಸರಲ್ಲ, ದೂರು,' ಎಂದು ಶಾಂತಾ ಎಂದು ಬರೆದುಕೊಂಡರು. ನನ್ನ ಮಗಳಿಗೂ ಅಷ್ಟೇ ಗೊತ್ತು."

"ನಿಮ್ಮ ನಂತರ?"

"ಮೂವರು ತಂಗಿಯರು."

"ನನಗಿಂತ ಒಬ್ಬಳು ಹೆಚ್ಚು," ಎಂದರು ಗೌರವದಿಂದ. ಆಮೇಲೆ ಇಬ್ಬರೂ ನಕ್ಕೆವು. ಚಹಾ ಆರುವವರೆಗೆ ನಕ್ಕೆವು.

"ಹಾಗಾದರೆ ಮಗುವಿಗೆ ಈ ಹೆಸರು ಬೇಡವಲ್ಲವೆ?"

"ಖಂಡಿತ ಬೇಡ."

"ಸಂತೋಷ. ಮಗಳಿಗೆ ಹಾಗೆಯೇ ಹೇಳುತ್ತೇನೆ."

"ನೀವು ಹೇಳಕೂಡದು. ಅವಳು ನನ್ನನ್ನು ಕೇಳಬೇಕು. ನಾನು ಬೇಡ ಎನ್ನಬೇಕು."

"ಕೇಳದಿದ್ದರೆ?"

"ಸಾಯುವವರೆಗೆ ನೆನಪಿಟ್ಟುಕೊಳ್ಳುತ್ತೇನೆ," ಎಂದು ಬೀಗಿತ್ತಿ ಏಳನೆಯ ಬಿಸ್ಕತ್ತು ಇಟ್ಟರು.

ಆಸ್ಪತ್ರೆಯ ಫಾರಂ

ಅತ್ತೆಯನ್ನು ಒಂದು ಮಾತು ಕೇಳು ಎಂದಷ್ಟೇ ಮಗಳಿಗೆ ಹೇಳಿದೆ. ಅವಳು ಕೇಳುವ ಮೊದಲೇ, ಎರಡು ವಾರ ಮುಂಚಿತವಾಗಿ, ಮಗು ಬಂದುಬಿಟ್ಟಿತು.

ಮರುದಿನ ನರ್ಸ್ ಒಂದು ಫಾರಂ ತಂದುಕೊಟ್ಟು, ಮನೆಗೆ ಹೊರಡುವ ಮುನ್ನ ಹೆಸರು ಬರೆದುಕೊಡಿ ಎಂದಳು. ಬೀಗಿತ್ತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಮಗಳು ದಿಂಬಿಗೆ ಒರಗಿ ನೆಟ್ಟಗೆ ಕುಳಿತು, ಬಹಳ ಮರ್ಯಾದೆಯಿಂದ, "ನಿಮ್ಮ ಹೆಸರನ್ನು ಇವಳಿಗೆ ಇಡಬಹುದೆ?" ಎಂದು ಕೇಳಿದಳು.

ಬೀಗಿತ್ತಿ ಕಣ್ಣೊರೆಸಿಕೊಂಡರು. "ಬೇಡ ಮಗಳೇ. ಹಳೆಯ ಹೆಸರು. ಬೇಡ."

"ಸರಿ," ಎಂದು ಮಗಳು ಎವಾಂಥಿಯಾ ಎಂದು ಬರೆದು, ಎರಡನೆಯ ಹೆಸರಿನ ಜಾಗ ಖಾಲಿ ಬಿಟ್ಟು, ಪೆನ್ನಿಗೆ ಮುಚ್ಚಳ ಹಾಕಿದಳು.

ಬೀಗಿತ್ತಿಯ ಮುಖ ನೋಡಿದೆ. ಬಹುಮಾನವೇನೂ ಬೇಡವೆಂದು ವಿನಯದಿಂದ ಹೇಳಿದ ಹುಡುಗಿಗೆ ಬಹುಮಾನ ನಿಜವಾಗಿಯೂ ತಪ್ಪಿಹೋದಾಗ ಶಾಲೆಯಲ್ಲಿ ಅಂಥ ಮುಖ ಕಂಡಿದ್ದೆ. ನನಗೆ ಆ ಆರು ಬಿಸ್ಕತ್ತುಗಳು ನೆನಪಾದವು.

"ಇನ್ನೊಮ್ಮೆ ಕೇಳು," ಎಂದೆ, ಕನ್ನಡದಲ್ಲಿ.

"ಬೇಡ ಅಂದ್ರಲ್ಲಮ್ಮ."

"ಕೇಳು."

"ಒಂದೇ ಸಲ ಕೇಳ್ಬೇಕು ಅಂತ ನೀನೇ..."

"ನಾನೇ ಈಗ ಹೇಳುತ್ತಿದ್ದೇನೆ."

ಕೇಳಿದಳು. "ಬೇಡ, ಬೇಡ," ಎಂದರು ಬೀಗಿತ್ತಿ. ಈ ಸಲ ದನಿ ಮೆತ್ತಗಿತ್ತು. ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ. ಮಗಳು ಮೂರನೆಯ ಸಲ ಕೇಳಿದಳು.

ಬೀಗಿತ್ತಿ ಮಗುವಿನ ಮುಖವನ್ನೇ ನೋಡುತ್ತ, "ಎರಡನೆಯ ಹೆಸರಾಗಿ ಇಟ್ಟರೆ ಯಾರಿಗೂ ಅಷ್ಟಾಗಿ ಕಾಣಿಸುವುದಿಲ್ಲ," ಎಂದರು.

ಎವಾಂಥಿಯಾ ಸ್ಟಮಾಟಿಯಾ ಎಂದಾಯಿತು. ಅಳಿಯ ಮೂಗು ಒರೆಸಿಕೊಂಡ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೀಗಿತ್ತಿ ಫಾರಂ ಕಡೆ ಬಗ್ಗಿ, ಮೂವತ್ತು ವರ್ಷ ಪಟ್ಟಿ ತಾಳೆ ನೋಡಿದ ಕಣ್ಣಿನಿಂದ ಪರೀಕ್ಷಿಸಿ, "ಇನ್ನೂ ಜಾಗ ಇದೆ. ನಿಮ್ಮಮ್ಮನ ಹೆಸರನ್ನೂ ಬರೆ. ನಿಜವಾದ ಹೆಸರನ್ನು," ಎಂದರು. ಅದೇನೆಂದು ಹೇಳಿಯೂಬಿಟ್ಟರು, ಅರ್ಥದ ಸಮೇತ, ನರ್ಸಿನ ಎದುರಿಗೆ.

ಮಗಳು ನನ್ನನ್ನೇ ನೋಡಿದಳು. "ಹೌದಾಮ್ಮ? ನಂಗೆ ಹೇಳೇ ಇಲ್ವಲ್ಲ." ಪೆನ್ನಿನ ಮುಚ್ಚಳ ತೆಗೆದಳು. "ಹಾಕ್ಲಾ?"

ಆ ಹೆಸರನ್ನು ಒಂದು ಮಗುವಿಗೆ ಪ್ರೀತಿಯಿಂದ ಇಡಬಹುದೆಂದು ಎಪ್ಪತ್ತನಾಲ್ಕು ವರ್ಷಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

"ಬೇಡ," ಎಂದೆ.

"ಸರಿಯಮ್ಮ," ಎಂದು ಮಗಳು ಫಾರಂ ಅನ್ನು ನರ್ಸಿನ ಕೈಗೆ ಕೊಟ್ಟಳು. ನರ್ಸ್ ಅದನ್ನು ತೆಗೆದುಕೊಂಡು ಹೋಗಿಯೇಬಿಟ್ಟಳು.

ಬಾಗಿಲು ಮುಚ್ಚುವವರೆಗೂ ನಾನು ಅತ್ತಲೇ ನೋಡುತ್ತಿದ್ದೆ. ಬೀಗಿತ್ತಿ ನನ್ನ ಕಡೆ ಬಾಗಿ, "ಎಂಥ ಶಿಸ್ತಿನಿಂದ ಬೆಳೆಸಿದ್ದೀರಿ ಇವಳನ್ನು," ಎಂದು ಮೆಲ್ಲಗೆ ಹೇಳಿ, ಕೈಚೀಲದಿಂದ ಆಕ್ರೋಟಿನ ಬಿಸ್ಕತ್ತಿನ ಡಬ್ಬಿ ತೆಗೆದು ಮುಂದೆ ಹಿಡಿದರು.

ನಾನು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ.