ಶಿಗ್ಗಾಂವಿ ಹುಡುಗಿ, ಸಮುದ್ರದ ಮೀನು

ನಮ್ಮ ಶಿಗ್ಗಾಂವಿಯಿಂದ ಯಾವ ದಿಕ್ಕಿಗೆ ಹೊಂಟ್ರೂ ಸಮುದ್ರ ಲಗೂನ ಸಿಗೂದಿಲ್ಲ. ನನ್ನ ಕೆಲಸ ಮಾತ್ರ ಸಮುದ್ರದೊಳಗ. ದೂರದ ಒಂದು ದ್ವೀಪದ ಸಮುದ್ರ ಉದ್ಯಾನದಾಗ ಪ್ರವಾಸಿಗರನ್ನ ನೀರಿಗೆ ಇಳಿಸಿ, ತಿಮಿಂಗಿಲ ಶಾರ್ಕ್ ಅನ್ನೋ ದೊಡ್ಡ ಮೀನು ತೋರಸ್ತೇನಿ. ಇದನ್ನ ಊರಾಗ ಬಾಯಿಬಿಟ್ಟು ಹೇಳಿದ್ರ ಸಾಕು, ಏನರ ಒಂದು ಆಗೂದ.

ಬಸ್ಸಿನಷ್ಟು

ರಜೆಗೆ ಬಂದಾಗ ದುಂಡಸಿ ಬಸ್ ಹತ್ತಿದ್ದೆ. ಕಾಲಿಡಾಕ ಜಾಗ ಇರಲಿಲ್ಲ. ಬಾಜೂಕ ಕಂಬಿ ಹಿಡದು ನಿಂತಿದ್ದ ಮುದುಕಿ ನನ್ನ ಕೆಲಸ ಕೇಳಿದ್ಲು. ಹೇಳಿದೆ.

"ಎಷ್ಟ ದೊಡ್ಡದಿರ್ತೈತವಾ ಆ ಮೀನು?"

"ಈ ಬಸ್ಸಿನಷ್ಟು, ಅಜ್ಜಿ."

ಮುದುಕಿ ಹಿಂದ ಮುಂದ ನೋಡಿ, ಯಾರದೋ ಚೀಲ ಕಾಲ್ಮ್ಯಾಲಿಂದ ಸರಿಸಿ ಕೇಳಿದ್ಲು: "ಅದರಾಗರ ಕುಂದ್ರಾಕ ಜಾಗ ಸಿಗ್ತೈತೇನು?"

ಕನ್ಯಾ ನೋಡೂದು

ಹಿರೇಕೆರೂರ ಕಡೆಯಿಂದ ಕನ್ಯಾ ನೋಡಾಕ ಬಂದಿದ್ರು. ಮೀನು ಅಂದಕೂಡ್ಲೆ ವರನ ತಾಯಿ ತಾಟು ಕೆಳಗಿಟ್ರು. "ನಮ್ಮನ್ಯಾಗ ಮೀನಿನ ಹೆಸರೂ ಎತ್ತೂದಿಲ್ರಿ."

ಅವ್ವ ಗಾಬರಿಯಾದ್ಲು. "ನಮ್ಮನ್ಯಾಗೂ ಎತ್ತೂದಿಲ್ರಿ! ಇಕಿ ಬರೇ ನೋಡ್ತಾಳ. ಮುಟ್ಟಿದ್ರ ಕೆಲಸದಿಂದ ತಗೀತಾರ."

ಅಲ್ಲೀತನಕ ತಲಿ ಬಗ್ಗಿಸಿ ಸಿರಾ ತಿನ್ನಾಕತ್ತಿದ್ದ ವರ ಒಮ್ಮೆ ಬಾಯಿಬಿಟ್ಟ. "ಅಷ್ಟ ದೊಡ್ಡ ಮೀನು ಏನು ತಿಂತೈತ್ರಿ?"

"ಆರಿಸಿ ತಿನ್ನೂದಿಲ್ರಿ. ಬಾಯಿ ತಕ್ಕೊಂಡು ಹೊಂಟಿರ್ತೈತಿ, ಎದುರಿಗೆ ಬಂದಿದ್ದೆಲ್ಲಾ ಒಳಗ," ಅಂದೆ.

ಅಡಗಿಮನ್ಯಾಗಿದ್ದ ನಮ್ಮಜ್ಜಿಗೆ ಕಿವಿ ಮಂದ. ಅಲ್ಲಿಂದನ ಕೂಗಿದ್ಲು: "ವರ ಹಂಗದಾನೇನು? ಇರವಲ್ನ್ಯಾಕ, ಇನ್ನೊಂದು ತಾಟು ಸಿರಾ ಕೊಡ್ರಿ!"

ಕರಕೊಂಡು ಹೋಗಾಕ ಬಂದ ಮಾವ

ಆ ಸಂಬಂಧ ಮುರದ ಮ್ಯಾಲೆ ಅಪ್ಪ ಸಿಟ್ಟಾದ. ನಾನು ದ್ವೀಪಕ್ಕ ವಾಪಸ್ ಬಂದ ಬೆನ್ನಿಗೇ ಸವಣೂರಿನ ಸೋದರಮಾವನ್ನ ಕಳಿಸಿದ. ಮಾವ ವೀಳ್ಯದೆಲಿ ವ್ಯಾಪಾರಿ. ದೋಣಿ ಇಳಿದವನ, "ಗಂಟು ಕಟ್ಟು. ಕೆಲಸ ಸಾಕು," ಅಂದ.

"ಒಮ್ಮೆ ಮೀನು ನೋಡ್ರಿ ಮಾವ, ಆಮ್ಯಾಲೆ ಹೋಗೂಣು," ಅಂದೆ.

ನೀರಾಗ ಮಾತಿಲ್ಲ, ಬರೇ ಕೈಸನ್ನಿ. ಹೆಬ್ಬೆರಳು ಎತ್ತಿದ್ರ 'ಮ್ಯಾಲೆ ಕರಕೊಂಡು ಹೋಗು' ಅಂತ ಅರ್ಥ. ಮೂರು ಸಲ ಹೇಳಿಕೊಟ್ಟೆ. ಮಾವ ಮೂರು ಸಲ ಹೂಂ ಅಂದ.

ಮೈತುಂಬ ಬಿಳಿ ಚುಕ್ಕಿಯ ಮೀನು ನೆಳ್ಳಿನಂಗ ಬಂತು. ಮಾವ ಖುಷಿಯಿಂದ ಹೆಬ್ಬೆರಳು ಎತ್ತಿದ. ಮ್ಯಾಲೆ ತಂದೆ.

"ಯಾಕ ತಂದಿ? ಭಾರಿ ಐತಿ ಅಂತ ಹೇಳಿದ್ನಿ!"

ಮತ್ತ ಇಳಿದ್ವಿ. ಈ ಸಲ ಎರಡೂ ಹೆಬ್ಬೆರಳು ಎತ್ತಿದ. ಮತ್ತ ತಂದೆ. ಕಡೀಕ ಎರಡೂ ಕೈ ಬಗಲಾಗ ಸಿಗಿಸ್ಕೊಂಡು ಇಳಿದ. ಮೀನು ಮಾರು ದೂರದಾಗ ನಿಧಾನ ಹಾದು ಹೋತು. ಮ್ಯಾಲೆ ಬಂದ ಮಾವ ಗಂಟಿನ ಸುದ್ದಿನ ತಗೀಲಿಲ್ಲ.

ಮರುದಿನ ನಾನು ಏಳೂಕಿಂತ ಮೊದಲ ದೋಣ್ಯಾಗ ಕುಂತಿದ್ದ. ಅದರ ಮರುದಿನಾನೂ. ಸವಣೂರಾಗ ಎಲಿ ಒಣಗಿದ್ವು, ಅತ್ತಿ 'ನನ್ನ ಗಂಡನ್ನ ಕರಸ್ರಿ' ಅಂತ ಶಿಗ್ಗಾಂವಿಗೆ ಬಂದು ನಮ್ಮ ಮನಿ ಬಾಗಿಲಾಗ ಕುಂತ್ಲು.

ಕಡೀಕ ಅಪ್ಪನ ಫೋನ್ ಬಂತು. ದನಿ ಪೂರಾ ಮೆತ್ತಗಾಗಿತ್ತು.

"ನೀ ಬೇಕಾದಷ್ಟು ದಿನ ಅಲ್ಲೇ ಇರು, ಮಗಳ. ಮೊದಲ ನಿಮ್ಮ ಮಾವನ್ನ ಕಳಸು."