ಫಕೀರವ್ವನ ದವಡೆಹಲ್ಲು

ದೀಪಾವಳಿ ಮುಗಿದ ವಾರ ಸಾಹುಕಾರ ಕುಬೇರಪ್ಪ ಊರ ಗಾಯರಾಣಕ್ಕೆ ಮುಳ್ಳುತಂತಿಯ ಬೇಲಿ ಹಾಕಿಸಿ ಗೇಟಿಗೆ ಕೀಲಿ ಜಡಿದ. ದನ, ಕುರಿ ಮೇಯಲೆಂದು ಅಜ್ಜ ಮುತ್ತಜ್ಜರ ಕಾಲದಿಂದ ಬಿಟ್ಟ ನೆಲ ಅದು. ಯಾಕೆಂದು ಕೇಳಿದವರಿಗೆ, "ಕಾಯಾಕರೀ. ಯಾರರೆ ನುಂಗಿಗಿಂಗ್ಯಾರಂತ" ಅಂದ.

ಕುರಿಗಳನ್ನು ಬಿಟ್ಟರೆ ಇದರಿಂದ ಹೆಚ್ಚು ನೊಂದವರು ಹಲ್ಲಿನ ಡಾಕ್ಟರು ಸಂಗನಬಸವ.

ಅಣ್ಣಿಗೇರಿಯ ಸ್ಟೇಷನ್ ರೋಡಿನಲ್ಲಿ, ಕಾಳಿನ ಅಡತಿ ಅಂಗಡಿಯ ಮೇಲಿನ ಕೋಣೆಯೇ ಅವರ ದವಾಖಾನೆ. ಸೋಮವಾರದಿಂದ ಶನಿವಾರದವರೆಗೆ ಮಂದಿಯ ಬಾಯೊಳಗೆ ಬ್ಯಾಟರಿ ಬಿಟ್ಟು ಇಣುಕಿ ಇಣುಕಿ, ಜಗತ್ತೆಂದರೆ ಎಲೆಯಡಿಕೆಯ ಕೆಂಪು ಹತ್ತಿದ ಒಂದು ಗವಿ ಎಂದು ಅವರಿಗೆ ಅನ್ನಿಸಿಬಿಡುತ್ತಿತ್ತು. ಅದಕ್ಕೇ ಆಯಿತವಾರ ಕೊರಳಿಗೆ ದುರ್ಬೀನು ಹಾಕಿಕೊಂಡು ಗಾಯರಾಣಕ್ಕೆ ಹೋಗುತ್ತಿದ್ದರು. ಮೇಲೆ ಬಾನು, ಕೆಳಗೆ ಹುಲ್ಲು, ದೂರದಲ್ಲಿ ಚಿಗರಿಗಳ ಹಿಂಡು. ಚಿಗರಿಗಳಲ್ಲಿ ಒಂದಾದರೂ ಹತ್ತಿರ ಬಂದು "ಇಲ್ಲಿ ಸ್ವಲ್ಪ ಸಳಸಳ ಅಂತೈತ್ರಿ" ಅಂದದ್ದಿಲ್ಲ. ಆ ಸುಖಕ್ಕೇ ಈಗ ಕೀಲಿ ಬಿದ್ದಿತ್ತು.

"ಊರ ಮಂದೀ ಹಲ್ಲೆಲ್ಲಾ ಕಿತ್ತೀರಿ, ಆ ಒಂದು ಕೀಲಿ ಕೀಳಾಕ ಆಗವಲ್ದು ನಿಮಗ" ಎಂದು ಹೆಂಡತಿ ಮಹಾನಂದಾ ಹಂಗಿಸಿದಳು. ಡಾಕ್ಟರು ಬಸಿಗೆ ಚಹಾ ಸುರುವಿಕೊಂಡರು. ಎದುರಾಡಿ ರೂಢಿಯಿರಲಿಲ್ಲ, ಅವರ ಎದುರಿಗೆ ಬಂದವರೆಲ್ಲ ಬಾಯಿ ತೆರೆದವರೇ ಹೊರತು ಮಾತಾಡುವ ಸ್ಥಿತಿಯಲ್ಲಿ ಇದ್ದವರಲ್ಲ.

ಎಳ್ಳಮವಾಸ್ಯೆ ಬಂತು. ಹೊಲದಲ್ಲಿ ಚರಗದ ಎಡೆ ಚೆಲ್ಲಿ, ಭೂತಾಯಿಗೆ ಉಣಿಸಿ, ತಾವೂ ಉಣ್ಣುವ ದಿನ. ಕುಬೇರಪ್ಪನ ಮನೆಯಿಂದಲೇ ಡಾಕ್ಟರಿಗೆ ಕರೆ ಬಂತು. ಚರಗಕ್ಕೆ ಕರೆದರೆ ಒಲ್ಲೆ ಅನ್ನುವಂತಿಲ್ಲ. ಮೇಲಾಗಿ ಅವನ ಹೊಲ ಇರುವುದು ಗಾಯರಾಣದ ಬಾಜೂಕೇ. ತಂತಿಯ ಈಚೆ ನಿಂತಾದರೂ ಚಿಗರಿಗಳನ್ನು ನೋಡಬಹುದೆಂದು ಡಾಕ್ಟರು ದುರ್ಬೀನು ಒರೆಸಿಕೊಂಡರು. ಮಹಾನಂದಾ ಸ್ಕೂಟರಿನ ಡಿಕ್ಕಿಯಲ್ಲಿ ಇಕ್ಕಳದ ಚೀಲ ಇಟ್ಟಳು.

"ಅದ್ಯಾಕ ಇವತ್ತು?"

"ಕಲ್ಲಿನಂಥಾ ಸಜ್ಜಿರೊಟ್ಟಿ ತಿನ್ನೂ ದಿನಾರಿ ಇದು."

ದವಾಖಾನೆಯ ಮೆಟ್ಟಿಲ ಬುಡದಲ್ಲಿ ಪಂಕ್ಚರ್ ಅಂಗಡಿ ಇಟ್ಟ ಮುನಾಫ್ ಕೇಳದೆಯೇ ಹಿಂದಿನ ಸೀಟಿಗೆ ಏರಿದ. ಊರಿನ ಯಾವ ಪಂಚಾಯ್ತಿಗೂ ತಾನಿಲ್ಲದಿದ್ದರೆ ಗಾಳಿ ನಿಲ್ಲುವುದಿಲ್ಲ ಎಂದು ನಂಬಿದ ಮನುಷ್ಯ.

ಬೇಲಿಯ ಹತ್ತಿರ ಫಕೀರವ್ವ ಕುರಿಗಳೊಂದಿಗೆ ನಿಂತಿದ್ದಳು. ಕುರಿಗಳು ತಂತಿಯ ಸಂದಿಯಲ್ಲಿ ಮೂತಿ ತೂರಿಸಿ ಆಚೆಯ ಹುಲ್ಲು ನೋಡುತ್ತಿದ್ದವು. ಮುದುಕಿಯ ಎಡಗಲ್ಲ ಕಡಬಿನಂತೆ ಉಬ್ಬಿತ್ತು.

"ಡಾಕ್ಟರಪ್ಪಾ, ನಿನ್ನ ಹಲ್ಲ ಕೀಳೂ ಇಕ್ಕಳ ಈ ತಂತಿಗೆ ನಡೀತೈತೇನು?"

"ಇಲ್ಲಬೇ ಆಯಿ, ಅದು ಹಲ್ಲಿಗಷ್ಟ."

"ಮತ್ತೇನ್ ಸುಡಗಾಡ ಇಕ್ಕಳ ಅದು!"

"ನಿನ್ನ ಗಲ್ಲ ನೋಡು, ದವಡಿಹಲ್ಲು ಹುಳುಕಾಗೈತಿ. ಬಾ, ಕಿತ್ತು ಒಗಿತೀನಿ."

"ಕೀಳುವಂತಿ ಬಿಡು. ಅದಕ್ಕೂ ಹೊತ್ತು ಬರಬೇಕಲ್ಲ."

ಕುಬೇರಪ್ಪನ ಹೊಲದ ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿದರು. ಕೂಗು ಹಾಕುತ್ತ ಚರಗ ಚೆಲ್ಲಿದರು. ಸುತ್ತಲಿನ ಹೊಲಗಳವರೂ ಸೇರಿ ಪಂಕ್ತಿ ಕೂತಿತು. ಕುಬೇರಪ್ಪ ಬದನೆಯ ಎಣಗಾಯಿ ಇಟ್ಟ, ಎಳ್ಳು ಹಚ್ಚಿದ ಸಜ್ಜಿರೊಟ್ಟಿಯನ್ನು ಕಟಕ್ಕನೆ ಕಡಿದ. ಆಮೇಲೆ ಬಂದ ಕೂಗು ಚರಗದ ಕೂಗಿಗಿಂತ ಎರಡು ಹೊಲ ಮುಂದೆ ಹೋಯಿತು. ದವಡೆ ಹಿಡಿದುಕೊಂಡು ಅವನು ಬನ್ನಿಗಿಡವನ್ನು ಸುತ್ತತೊಡಗಿದ. ಭಕ್ತಿಯಿಂದಲ್ಲ.

"ಹಲ್ಲು ಎರಡು ಹೋಳಾಗೈತಿ. ಈಗಽ ಕೀಳಬೇಕು" ಅಂದರು ಡಾಕ್ಟರು, ಬ್ಯಾಟರಿ ಬಿಟ್ಟು ನೋಡಿ. ಚಕ್ಕಡಿಯ ಗಾಲಿಗೆ ಒರಗಿಸಿ ಕೂಡಿಸಿದರು. ಇಕ್ಕಳ ಮೇಲೆತ್ತಿದರು.

ಅಷ್ಟರಲ್ಲಿ ಬೇಲಿಯ ಕಡೆಯಿಂದ ಫಕೀರವ್ವನ ದನಿ ಬಂತು. "ನಿಂದರೋ ಡಾಕ್ಟರಪ್ಪಾ! ಕುಬೇರಪ್ಪಾ, ನಿನ್ನ ಬಾಯಿ ತಗಿಯೂದಕ್ಕಿಂತ ಮೊದಲು ನಮ್ಮ ಗೇಟು ತಗಿ!"

"ಬರೋಬ್ಬರಿ!" ಎಂದ ಮುನಾಫ್. ಪಂಕ್ತಿಯಲ್ಲಿ ಕೂತವರೂ ರೊಟ್ಟಿ ಕೆಳಗಿಟ್ಟು "ಹೌದ ಹೌದು" ಅಂದರು.

ಡಾಕ್ಟರರ ಇಕ್ಕಳ ಗಾಳಿಯಲ್ಲೇ ನಿಂತಿತು. ಬೇಕೆಂದು ನಿಲ್ಲಿಸಿದರೋ, ಕೈ ತಾನಾಗಿಯೇ ನಿಂತಿತೋ, ಅವರಿಗೂ ತಿಳಿಯಲಿಲ್ಲ.

ಪ್ರಾಣ ಹೋಗುವ ನೋವಿನಲ್ಲೂ ಕುಬೇರಪ್ಪನ ವ್ಯವಹಾರಬುದ್ಧಿ ಹೋಗಲಿಲ್ಲ. "ಆತು! ಡಾಕ್ಟ್ರು ಇಲ್ಲಿ ಹಲ್ಲು ನೋಡೂತನಕ ಗೇಟು ತೆರೆದಿರ್ಲಿ. ತೋರಿಸಾಕ ಬಂದವರ ಕಡೀ ಹಲ್ಲು ಮುಗಿದಕೂಡ್ಲೆ ಮತ್ತ ಕೀಲಿ!" ಇದ್ದದ್ದು ತನ್ನದೊಂದೇ ಹಲ್ಲು. ಮುಗಿಯಲು ಎಷ್ಟು ಹೊತ್ತು?

"ಪಾಂಡವರನ್ನ ಮುಟ್ಟಿ ಹೇಳು" ಅಂದರು ಹಿರಿಯರು. ಮುಟ್ಟಿದ. ಚರಗದ ನೆಲದಲ್ಲಿ ಮಾಡಿದ ಆಣೆ ತಪ್ಪಿದರೆ ಹೊಲದ ತೆನೆಯೆಲ್ಲ ಜೊಳ್ಳಾಗುತ್ತದೆಂದು ಅವನೂ ನಂಬಿದವನೇ. ಕೀಲಿಕೈ ಒಗೆದ. ಸೂಜಿ ಚುಚ್ಚಿತು, ಹಲ್ಲು ಬಂತು, ಗೇಟು ತೆರೆಯಿತು. ಕುರಿಗಳು ಒಡೆದ ಕಾಲುವೆಯ ನೀರಿನಂತೆ ಒಳಗೆ ನುಗ್ಗಿದವು.

"ಸಾಕು, ಇನ್ನ ಕೀಲಿ ಹಾಕ್ರಿ" ಅಂದ ಕುಬೇರಪ್ಪ, ಹತ್ತಿ ಕಚ್ಚಿಕೊಂಡು.

ಮುನಾಫ್ ಆಗಲೇ ಚಕ್ಕಡಿ ಏರಿದ್ದ. "ಬರ್ರಿ ಬರ್ರಿ! ಹಲ್ಲು ಇದ್ದವರು, ಬಿದ್ದವರು, ಅಲುಗಾಡೂವರು! ಅಗದಿ ಫುಕಟ್! ಮಂದಿ ಬರೂತನಕ ಗಾಯರಾಣ ನಮ್ಮದು!"

ನಾಲ್ಕೂ ದಿಕ್ಕಿನ ಹೊಲಗಳಿಂದ ಬಾಯಿಗಳು ಬಂದವು. ಮಾಂತೇಶ ಎಂಬ ಗಟ್ಟಿಮುಟ್ಟಾದ ಹುಡುಗ ಗಾಲಿಗೆ ಒರಗಿ, "ನನ್ನೂವು ನೆಟ್ಟಗ ಅದಾವ್ರಿ. ಆದ್ರೂ ಒಮ್ಮೆ ಎಣಿಸಿಬಿಡ್ರಿ" ಅಂದ. ಅವನ ಹಿಂದೆ ಬಂದ ಮುದುಕನ ಬಾಯಿ ಬೋಳು.

"ಯಜ್ಜಾ, ನಿನಗ ಹಲ್ಲಽ ಇಲ್ಲಲ್ಲೋ."

"ಎಲ್ಲಿ ಹೋದೂವು ಅಂತ ಸಾವಕಾಶ ನೋಡ್ರಲ್ಲ, ಏನವಸರ?"

ಹೀಗೆ ಮಧ್ಯಾಹ್ನ ಇಳಿಯಿತು. ಡಾಕ್ಟರರ ಬೆನ್ನ ಹಿಂದೆಯೇ ಗಾಯರಾಣ ಬಾಗಿಲು ತೆರೆದುಕೊಂಡು ಬಿದ್ದಿತ್ತು. ತಿರುಗಿ ನೋಡಲು ಪುರುಸೊತ್ತಿರಲಿಲ್ಲ. ಒಮ್ಮೆ ಯಾರೋ "ಅಕ್ಕೋ, ಚಿಗರಿ! ಹಿಂಡಿಗೆ ಹಿಂಡು!" ಎಂದು ಕೂಗಿದರು. ಡಾಕ್ಟರರ ಎರಡೂ ಕೈ ಒಬ್ಬ ಗೌಡತಿಯ ಬಾಯಲ್ಲಿದ್ದವು. ಬಿಡಿಸಿಕೊಂಡು ದುರ್ಬೀನು ಎತ್ತುವಷ್ಟರಲ್ಲಿ ಉಳಿದದ್ದು ಧೂಳು.

ಹೊತ್ತು ಇಳಿದಾಗ ಸಾಲು ಕರಗಿತು. ಮಂದಿ ಬುತ್ತಿಗಂಟು ಕಟ್ಟತೊಡಗಿದರು. ಡಾಕ್ಟರು ಕೈ ತೊಳೆದು ಗೇಟಿನತ್ತ ನೋಡಿದರು. ಇನ್ನೂ ಬೆಳಕಿತ್ತು. ಕೀಲಿ ಬೀಳುವ ಮೊದಲು ಒಂದು ಸುತ್ತು ಹಾಕಬಹುದಿತ್ತು. ಕುಬೇರಪ್ಪ ಊದಿದ ಗಲ್ಲದಲ್ಲಿ ನಗುತ್ತ ಎದ್ದ. "ಮುಗೀತಲ್ರಿ?"

"ನಾ ಇದ್ದೀನಲ್ಲಪಾ" ಎನ್ನುತ್ತ ಫಕೀರವ್ವ ಬಂದು ಗಾಲಿಗೆ ಒರಗಿ ಕೂತಳು.

"ಪಾಪ, ಮುದಿಕೀದೂ ಮುಗಿಸಿಬಿಡ್ರಿ. ಕಡೀ ಹಲ್ಲು" ಅಂದ ಕುಬೇರಪ್ಪ, ಉದಾರವಾಗಿ.

ಡಾಕ್ಟರು ಇಕ್ಕಳ ಹಿಡಿದರು. "ಬಾಯಿ ತಗೀಬೇ ಆಯಿ."

ಫಕೀರವ್ವ ತುಟಿ ಬಿಗಿದಳು.

"ಸೂಜಿ ಚುಚ್ಚತೀನಿ, ನೋವಾಗೂದಿಲ್ಲ."

"ನೋವಿಗೆ ಯಾರು ಅಂಜ್ಯಾರೋ? ಮೂರು ವಾರದಿಂದ ಇದರ ಜೋಡೀನ ಮಲಗೀನಿ, ಇದರ ಜೋಡೀನ ಎದ್ದೀನಿ."

"ಮತ್ತ ಯಾಕ ಬಂದು ಕುಂತಿ?"

"ತೋರಸಾಕ. ತೋರಿಸಾಕ ಬಂದವರ ಕಡೀ ಹಲ್ಲು ಮುಗಿಯೂತನಕ ಅಂತ ಇವಾ ಕಲ್ಲು ಮುಟ್ಟ್ಯಾನ. ನಂದು ಮುಗಿದಿಲ್ಲ. ಬರೂ ಆಯಿತವಾರ ಮತ್ತ ತೋರಸ್ತೀನಿ. ಅದರ ಮುಂದಿನ ಆಯಿತವಾರಾನೂ. ನೀ ಬರಲಿಲ್ಲಂದ್ರ ಡಾಕ್ಟರ ನೋಡೂದು ಬಿಟ್ಟ ಅಂತ ಕೀಲಿ ಹಾಕ್ತಾನ. ಬರಬೇಕಪಾ ನೀ."

"ಆಯಿತವಾರ ನಮ್ಮ ಮಾವನ್ನೂ ಕರಕೊಂಡು ಬರ್ತೀನ್ರಿ" ಅಂದ ಮಾಂತೇಶ. "ಅವಂದೂ ಎಣಿಸೂದೈತಿ."

ಡಾಕ್ಟರರ ಕೊರಳಲ್ಲಿ ದುರ್ಬೀನು ಜೋತುಬಿದ್ದಿತ್ತು. ಮಂದಿಯ ಬಾಯಿ ನೋಡದೆ ಇರಲು ಅವರಿಗಿದ್ದದ್ದು ಆ ಒಂದು ಆಯಿತವಾರ. ಕುಬೇರಪ್ಪ ನೆಲ ಒದ್ದು ಗುಡುಗಿದ, "ಬಾಯಿ ತಗೀಬೇ ಮುದಿಕಿ!" ಡಾಕ್ಟರು ಕೈ ಮುಗಿದರು. "ಆಯಿ, ನಿನ್ನ ಕಾಲಿಗೆ ಬೀಳ್ತೀನಿ, ತಗೀಬೇ."

ಒಳಗೆ ಕುರಿಗಳು ತಲೆ ಎತ್ತದೆ ಮೇಯುತ್ತಿದ್ದವು. ಫಕೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅದರೊಳಗಿಂದಲೇ ಅಂದಳು:

"ಒಲ್ಲೆ."