ಯಾರ ನೆಟ್ಟು ಅವರವರಿಗೆ

ಪರದೇಶಕ್ಕೆ ಕಾಲಿಟ್ಟ ಮೇಲೆ ಯಾರ ನೆಟ್ಟು ಅವರವರಿಗೆ. ಒಬ್ಬರ ಹಾಟ್‌ಸ್ಪಾಟನ್ನು ಇನ್ನೊಬ್ಬರು ಕೇಳಬಾರದು, ಕೇಳಿದರೂ ಕೊಡಬಾರದು.

ನಾನು ಮಾಡಿದ್ದು ಇದೊಂದೇ ನಿಯಮ. ಅದನ್ನು ಮುರಿಯದವರು ನಮ್ಮ ತಂಡದಲ್ಲಿ ಯಾರೂ ಉಳಿಯಲಿಲ್ಲ. ಇಂಥ ತಂಡಗಳು ಊರಲ್ಲಿ ಬೇಕಾದಷ್ಟು ಹೊರಡುತ್ತವೆ, ಆದರೆ ಇಂಥ ಪ್ರಸಂಗಗಳು ಮಾತ್ರ ವಿಳಾಸ ಹುಡುಕಿಕೊಂಡು ನನ್ನ ಬಳಿಗೇ ಬರುತ್ತವೆ.

ನಾನು ಶಿರಸಿಯಲ್ಲಿ ವಿಮಾ ಸರ್ವೇಯರ್. ಗೋದಾಮು ಸುಟ್ಟರೆ, ಜೀಪು ರಸ್ತೆಯಂಚಿನ ಧರೆಯಿಂದ ಕೆಳಗುರುಳಿದರೆ ಹೋಗಿ ನೋಡಿ ವರದಿ ಬರೆಯುವುದು ಕೆಲಸ. ಷರತ್ತು ಓದದೆ ಸಹಿ ಹಾಕಿದವರ ಮುಖ ನೋಡಿಯೇ ನನ್ನ ತಲೆ ಬೆಳ್ಳಗಾಗಿದೆ. ಹಾಗಾಗಿ ಕಾಳುಮೆಣಸಿನ ಬೆಳೆ ನೋಡಲು ವಿಯೆಟ್ನಾಮಿಗೆ ಹೋಗೋಣವೆಂದು ಮೂರು ತಾಲೂಕಿನಿಂದ, ನಾನು ಹೆಂಡತಿ ಸೇರಿ, ಆರು ಜನ ಕೂಡಿದಾಗ, "ನೀನು ಇಂಗ್ಲಿಷ್ ಮೀಡಿಯಂ, ನೀನೇ ಮುಂದೆ ನಡಿ" ಎಂದು ಎಲ್ಲ ಜವಾಬ್ದಾರಿಯನ್ನು ನನ್ನ ಕೊರಳಿಗೆ ಕಟ್ಟಿದರು.

ನಾನು ಎಲ್ಲರನ್ನೂ ಮನೆಗೆ ಕರೆದು ಸ್ಪಷ್ಟವಾಗಿ ಹೇಳಿದೆ. ನಿಮ್ಮ ನಂಬರನ್ನೇ ಅಲ್ಲಿಯೂ ಬಳಸುವುದಾದರೆ ರೋಮಿಂಗ್ ಪ್ಯಾಕ್ ಹಾಕಿಸಿ. ಅಗ್ಗಕ್ಕೆ ನೆಟ್ಟಷ್ಟೇ ಸಾಕಾದರೆ ಇ-ಸಿಮ್ ಕೊಳ್ಳಿ. ಅದಕ್ಕೆ ಚೂರು ಪ್ಲಾಸ್ಟಿಕ್ಕೂ ಇಲ್ಲ, ಕೋಡ್ ಸ್ಕ್ಯಾನ್ ಮಾಡಿದರೆ ಫೋನಿನೊಳಗೆ ಇಳಿದುಕೊಳ್ಳುತ್ತದೆ. ಎರಡರಲ್ಲಿ ಒಂದನ್ನು ಇಲ್ಲಿಯೇ ಆರಿಸಿಕೊಂಡು ಬನ್ನಿ. ಎಲ್ಲರೂ "ಅಡ್ಡಿಲ್ಲೆ" ಎಂದರು. ನಮ್ಮ ಕಡೆ ಅಡ್ಡಿಲ್ಲೆ ಎಂದರೆ ನೀವು ಹೇಳಿದ್ದು ಕಿವಿಗೆ ಬಿತ್ತು ಎಂದಷ್ಟೇ ಅರ್ಥ.

ಕಣ್ಣಿಗೆ ಕಾಣದ ಸಿಮ್ಮು

ಮೊದಲ ಬಲಿ ಮನ್ಮನೆ ಭಾವ, ನನ್ನ ಹೆಂಡತಿಯ ಅಣ್ಣ. ಅಗ್ಗದ್ದೇ ಆಗಲಿ ಎಂದು ಇ-ಸಿಮ್ಮಿಗೆ ಒಪ್ಪಿ, ಪೇಟೆಯ ಮೊಬೈಲ್ ಅಂಗಡಿಗೆ ಹೋದರಂತೆ.

"ತಮಾ, ಒಂದು ಇ-ಸಿಮ್ ತೋರ್ಸು, ಹ್ಯಾಂಗಿದ್ದು ನೋಡ್ತಿ."

"ತೋರಿಸೋಕೆ ಏನೂ ಇರೋದಿಲ್ಲ ಭಟ್ರೇ. ಇ-ಮೇಲಿಗೆ ಬರ್ತದೆ."

"ತೋರ್ಸಲೇ ಇಲ್ಲದ್ದಕ್ಕೆ ಎಂತಕ್ಕೆ ದುಡ್ಡು ಕೊಡವು?"

ಅಂಗಡಿಯವನು ಮುಂದಿನ ಗಿರಾಕಿಯತ್ತ ತಿರುಗಿದನಂತೆ. ಕಡೆಗೆ ನಾನೇ ಭಾವನ ಹೆಸರಲ್ಲಿ ಹೆಂಡತಿಯ ಇ-ಮೇಲಿಗೆ ತರಿಸಿಕೊಟ್ಟೆ. ಮನೆಯ ವೈಫೈ ಇರುವಾಗಲೇ ಇಳಿಸಿಕೊಂಡುಬಿಡಿ ಎಂದರೆ, "ಇವತ್ತು ಅಮಾಸೆ, ಬ್ಯಾಡ" ಎಂದರು. ಮರುದಿನ ರಾಹುಕಾಲ. ಅದರ ಮರುದಿನ ಏನಿತ್ತೋ, ನಾನು ಕೇಳಲಿಲ್ಲ. ಕೋಡನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ ಜೋಪಾನವಾಗಿ ಇಟ್ಟುಕೊಂಡರು ಎಂದು ಮಾತ್ರ ತಿಳಿಯಿತು.

ವಿಯೆಟ್ನಾಮಿನಲ್ಲಿ ಇಳಿದು ವ್ಯಾನು ಹತ್ತಿದ ಮೇಲೆ ಭಾವ ಕೈಚೀಲದಿಂದ ಆ ಹಾಳೆ ತೆಗೆದರು. ಫೋನನ್ನು ಅದರ ಮೇಲೆ ಹಿಡಿದರು. ಎತ್ತಿದರು, ಇಳಿಸಿದರು, ಉಸಿರು ಬಿಗಿಹಿಡಿದರು. ಫೋನು ಏನೂ ಅನ್ನಲಿಲ್ಲ. ನಾನು ಹಾಳೆ ಕಸಿದು ನೋಡಿದೆ. ಕೋಡಿನ ನಾಲ್ಕೂ ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ದಪ್ಪಕ್ಕೆ ಅರಿಶಿನ ಕುಂಕುಮ.

"ಇದೆಂತ ಭಾವ?"

"ಹೊಸತಲ್ದ? ದೇವರ ಮುಂದೆ ಇಟ್ಟು ಮೂಲೆಗೆ ಹಚ್ಚಿದ್ದಿ. ಮದುವೆ ಕಾಗದಕ್ಕೆ ಹಚ್ತ್ವಿಲ್ಯ, ಹಂಗೇಯ."

ಆ ಕೋಡಿನ ಮೂರು ಮೂಲೆಯಲ್ಲಿ ಮೂರು ಚೌಕಗಳಿರುತ್ತವೆ. ಕ್ಯಾಮೆರಾ ಗುರುತು ಹಿಡಿಯುವುದೇ ಅವನ್ನು ನೋಡಿ. ದೇವರು ಮತ್ತು ಭಾವ ಇಬ್ಬರೂ ಸೇರಿ ಸರಿಯಾಗಿ ಅವನ್ನೇ ಮುಚ್ಚಿದ್ದರು.

"ಮದುವೆ ಕಾಗದ ಓದೋರು ಮನುಷ್ಯರು ಭಾವ. ಇದನ್ನ ಓದೋದು ಯಂತ್ರ."

"ಯಂತ್ರಕ್ಕೆ ಕುಂಕುಮ ಹಚ್ಚಿದ್ರೆ ಓಡ್ತಿಲ್ಯ? ಆಯುಧ ಪೂಜೆಲಿ ಹಚ್ಚಿದ ಪಂಪು ಇವತ್ತಿಗೂ ಓಡ್ತಾ ಇದ್ದು."

ಈ ವಾದಕ್ಕೆ ನಾನು ಪ್ರತಿವಾದ ಹುಡುಕುವಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಹಾಟ್‌ಸ್ಪಾಟ್ ತೆರೆದಾಗಿತ್ತು. ಮೂಲ ಇ-ಮೇಲನ್ನು ತನ್ನ ಫೋನಿನಲ್ಲಿ ತೋರಿಸಿ, ತನ್ನದೇ ನೆಟ್ಟು ಕೊಟ್ಟು, ಅಣ್ಣನ ಸಿಮ್ಮನ್ನು ಇಳಿಸಿಯೂ ಬಿಟ್ಟಳು.

"ನಿಯಮ!" ಎಂದೆ.

"ಅದು ನಿಂಗಳ ನಿಯಮ. ಇಂವ ಯನ್ನ ಅಣ್ಣ."

ವ್ಯಾನು ಇನ್ನೂ ವಿಮಾನ ನಿಲ್ದಾಣದ ಗೇಟು ದಾಟಿರಲಿಲ್ಲ. ಭಾವ ಆ ಕುಂಕುಮದ ಹಾಳೆಯ ಫೋಟೋ ಹೊಡೆದು ಮನ್ಮನೆಗೆ ಕಳಿಸಿದರು. ಕೆಳಗೆ ಬರೆದದ್ದು: "ದೇವರ ದಯೆಯಿಂದ ಒಂದೇ ಸಲಕ್ಕೆ ಹಿಡಿಯಿತು."

ಬಸ್ಸು ಬಂತೇ?

ಹುಲೇಕಲ್ಲಿನ ಹಿರಿಯರೊಬ್ಬರು ನಮ್ಮೊಡನಿದ್ದರು. ಹಿಂದೆ ಯಾವುದೋ ಸಂಘಕ್ಕೆ ಅಧ್ಯಕ್ಷರಾಗಿದ್ದರು. ಅಧಿಕಾರ ಬಿಟ್ಟು ಎಷ್ಟೋ ಕಾಲವಾಗಿದೆ, ಫೋನು ಮಾತ್ರ ಅವರನ್ನು ಬಿಟ್ಟಿಲ್ಲ. ಕರೆಂಟು ಹೋದರೂ ಅವರಿಗೇ ಫೋನು, ಕೋಣ ತಪ್ಪಿಸಿಕೊಂಡರೂ ಅವರಿಗೇ ಫೋನು. "ಯನ್ನ ನಂಬರು ಬಂದ್ ಆದ್ರೆ ಊರು ನಿಂತೋಗ್ತು" ಎಂದು ರೋಮಿಂಗ್ ಪ್ಯಾಕನ್ನೇ ಆರಿಸಿಕೊಂಡರು. ಬರುವ ಕರೆಗೂ ನಿಮಿಷ ಖರ್ಚಾಗುತ್ತದೆ, ಎತ್ತಬೇಡಿ ಎಂದು ನಾನು ಹೇಳಿದ್ದೆ. ಅದಕ್ಕೂ ಅಡ್ಡಿಲ್ಲೆ ಎಂದಿದ್ದರು.

ಮೊದಲ ದಿನ ಮೆಣಸಿನ ತೋಟದಲ್ಲಿ ನಿಂತಿದ್ದೇವೆ. ತೋಟದ ಯಜಮಾನ ಬಳ್ಳಿಯ ಬುಡ ತೋರಿಸಿ ಏನೋ ವಿವರಿಸುತ್ತಿದ್ದಾನೆ, ದುಭಾಷಿ ಇಂಗ್ಲಿಷಿಗೆ ತರುತ್ತಿದ್ದಾಳೆ, ನಾನು ಕನ್ನಡಕ್ಕೆ ತರುತ್ತಿದ್ದೇನೆ. ಅಧ್ಯಕ್ಷರ ಫೋನು ಹೊಡೆದುಕೊಂಡಿತು. ಎತ್ತಿದರು.

"ಹಲೋ. ಆರಾಮ? ಊಟ ಆತ? ಎಂತ ಪದಾರ್ಥ?"

ಆ ಕಡೆಯಿಂದ ಪದಾರ್ಥಗಳ ವರದಿ ಬಂತು. ತಂಬುಳಿಗೆ ಹಾಕಿದ ಸೊಪ್ಪು ಯಾವುದು ಎಂಬಲ್ಲಿ ಕೊಂಚ ಚರ್ಚೆಯೂ ಆಯಿತು. ಸೊಪ್ಪು ಇತ್ಯರ್ಥವಾದ ಮೇಲೆ ಆತ ವಿಷಯಕ್ಕೆ ಬಂದ. ಫೋನು ಎಷ್ಟು ಜೋರಾಗಿತ್ತೆಂದರೆ ದುಭಾಷಿಗೂ ಕೇಳಿಸಿತು.

"ಮಧ್ಯಾಹ್ನದ ಬಸ್ಸು ಹೋತ ನೋಡಿದ್ರ?"

ಅಧ್ಯಕ್ಷರು ಹಿಂತಿರುಗಿ ವಿಯೆಟ್ನಾಮಿನ ರಸ್ತೆಯತ್ತ ಕತ್ತು ಉದ್ದ ಮಾಡಿ ನೋಡಿದರು.

"ಇಲ್ಲೆ, ಇನ್ನೂ ಕಂಡಿದ್ನಿಲ್ಲೆ. ಕಂಡ್ರೆ ಫೋನ್ ಮಾಡ್ತಿ."

ಫೋನು ಇಟ್ಟ ಮೇಲೆ ನಾನು ಕೇಳಿದೆ, "ಪರದೇಶದಲ್ಲಿದ್ದೇನೆ ಎಂದು ಒಂದು ಮಾತು ಹೇಳಬಾರದಿತ್ತೇ?"

"ಹೇಳಿದ್ರೆ ಜಂಭ ಬಂತು ಹೇಳ್ತ ಮಾರಾಯ."

ಸಂಜೆಯೊಳಗೆ ಅವರ ನಿಮಿಷಗಳೆಲ್ಲ ತಂಬುಳಿಗೂ ಬಸ್ಸಿಗೂ ಖರ್ಚಾದವು. ಮರುದಿನ ಬೆಳಗ್ಗೆ ನೆಟ್ಟೂ ಮುಗಿಯಿತು. ಕಮಲದ ಹೂವಿನ ಮೇಲೆ ಸೂರ್ಯ ಹುಟ್ಟುವ ಶುಭೋದಯದ ವಿಡಿಯೋವನ್ನು ತಾವಿರುವ ಅಷ್ಟೂ ಗ್ರೂಪುಗಳಿಗೆ ಕಳಿಸಿದ್ದರು. ಅಲ್ಲಿ ಸೂರ್ಯ ನಮಗಿಂತ ಮೊದಲೇ ಹುಟ್ಟುತ್ತಾನೆ. ಹುಲೇಕಲ್ಲಿನಲ್ಲಿ ಆಗಿನ್ನೂ ಗಾಢ ನಿದ್ದೆಯ ಹೊತ್ತು. ಎದ್ದವರೆಲ್ಲ ಗಾಬರಿಯಿಂದ ಅವರ ಮನೆಗೆ ಫೋನು ಮಾಡಿ, "ಅಧ್ಯಕ್ಷರಿಗೆ ಎಂತ ಆಜು? ನಿದ್ದೆ ಬರ್ತಿಲ್ಯ?" ಎಂದು ವಿಚಾರಿಸಿದರಂತೆ.

ಪಾಸ್‌ವರ್ಡ್ ಇಲ್ಲದ ದಾನಶೂರ

ಅಧ್ಯಕ್ಷರು ಬರಿಗೈಯಾದದ್ದನ್ನು ನೋಡಿ ಕರಗಿದವರು ದಾಸನಕೊಪ್ಪದ ಮೆಣಸಿನ ವ್ಯಾಪಾರಿ. ಅವರು ರೋಮಿಂಗೂ ಬೇಡ, ಇ-ಸಿಮ್ಮೂ ಬೇಡವೆಂದು ವಿಮಾನ ನಿಲ್ದಾಣದಲ್ಲಿಯೇ ಆ ದೇಶದ ಸಿಮ್ ಕೊಂಡಿದ್ದರು. ಆರಿಸಲು ನಾನು ಕೊಟ್ಟದ್ದು ಎರಡು ದಾರಿ, ಅವರು ಹಿಡಿದದ್ದು ಮೂರನೆಯದು.

"ತಗೋರಿ ಅಧ್ಯಕ್ಷರ, ನಮ್ಮದು ಐತಲ್ಲ, ಹಚ್ಕೋರಿ."

"ನಿಯಮ ಏನು ಹೇಳ್ತದೆ?" ಎಂದೆ.

"ನಿಯಮ ನಿಮ್ದು ಸರ, ಸಿಮ್ಮು ನಮ್ದು."

ಪಾಸ್‌ವರ್ಡ್ ಆದರೂ ಹಾಕಿ ಎಂದೆ. "ಏ, ಕೊಡೂದು ಕೊಟ್ಟ ಮ್ಯಾಲ ಕೀಲಿ ಯಾಕ್ರಿ?" ಎಂದರು. ಹಾಟ್‌ಸ್ಪಾಟಿಗೆ ತಮ್ಮ ಅಂಗಡಿಯ ಹೆಸರನ್ನೇ ಇಂಗ್ಲಿಷಿನಲ್ಲಿ ಇಟ್ಟಿದ್ದರು. ಮಧ್ಯಾಹ್ನ ಊಟಕ್ಕೆ ನಿಂತ ಹೋಟೆಲಿಗೆ ಒಂದು ಬಸ್ಸು ತುಂಬ ಕಾಲೇಜು ಮಕ್ಕಳು ಬಂದರು. ಕೀಲಿ ಇಲ್ಲದ ಬಾಗಿಲು ಅವರಿಗೆ ಎಷ್ಟು ಬೇಗ ಕಂಡಿತೋ! ನಾವು ಅನ್ನ ಸಾರು ಹುಡುಕುವುದರೊಳಗೆ ಎಲ್ಲ ಮೇಜಿನ ಮೇಲೂ ಸಿನಿಮಾ ಹಾಡು ಓಡುತ್ತಿತ್ತು. ಒಂದೆರಡು ಮಕ್ಕಳು ತಮ್ಮ ಫೋನು ತೋರಿಸಿ, ಅಂಗಡಿಯ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ಯಾರದಿದು ಎಂದು ಕೇಳಿದರು. ವ್ಯಾಪಾರಿ ಎದ್ದು ನಿಂತು ಕೈ ಮುಗಿದರು.

ನಾವು ಹೊರಡುವಾಗ ಅವರ ಸಿಮ್ಮು ಸೋಸಿದ ಚಹಾಪುಡಿಯ ಹಾಗಾಗಿತ್ತು. ಆಯಿತೇ ಸಮಾಧಾನ ಎಂದೆ.

"ಇರ್ಲಿ ಬಿಡ್ರಿ ಸರ. ದಾಸನಕೊಪ್ಪದಾಗ ನಮ್ಮ ಬೋರ್ಡ್ ಇಷ್ಟು ಮಂದಿ ಓದಿಲ್ಲ."

ವಜ್ರಳ್ಳಿ ಮಾಣಿಯ ಕರೆ

ಆರನೆಯವನು ವಜ್ರಳ್ಳಿಯ ಮಾಣಿ. ಮಾಣಿ ಎಂದರೆ ಹುಡುಗ. ಮದುವೆಯಾಗುವವರೆಗೆ ನಮ್ಮಲ್ಲಿ ಎಲ್ಲರೂ ಮಾಣಿಯೇ, ಹಾಗಾಗಿ ನಲವತ್ತರ ಹೊಸ್ತಿಲಲ್ಲಿಯೂ ಇವನು ಮಾಣಿ. ರೋಮಿಂಗ್ ಪ್ಯಾಕೂ ಇಲ್ಲ, ಇ-ಸಿಮ್ಮೂ ಇಲ್ಲ. "ಹೋಟೆಲಲ್ಲಿ ವೈಫೈ ಇದ್ದಲ, ಮಾತಾಡದು ಇದ್ರೆ ಆನು ಅಲ್ಲಿಗೆ ಬಂದು ಮಾತಾಡ್ತೆ" ಎಂದ. ಸಿಗ್ನಲ್ ಬೇಕಾದಾಗ ಗುಡ್ಡ ಹತ್ತಿ ಒಂದೇ ಜಾಗದಲ್ಲಿ ನಿಂತು ಮಾತಾಡಿ ಬೆಳೆದವನು. ಎಲ್ಲ ಕಡೆ ಸಿಗ್ನಲ್ ಇರಬೇಕೆಂಬ ಆಸೆಯೇ ಅವನಿಗಿರಲಿಲ್ಲ.

ಅವನಿಗೆ ಸಂಬಂಧಗಳು ಬಾರದೆ ಇರಲಿಲ್ಲ. ಪ್ರತಿ ಸಲವೂ ಸೋದರಮಾವ ಮಾತಾಡುತ್ತಿದ್ದರು, ಜೋಯಿಸರು ಮಾತಾಡುತ್ತಿದ್ದರು, ಅತ್ತೆಯಂದಿರು ಮಾತಾಡುತ್ತಿದ್ದರು. ಎಲ್ಲರೂ ಮಾತಾಡಿ ಮುಗಿಸುವಷ್ಟರಲ್ಲಿ ಹುಡುಗಿಗೆ ಬೇರೆ ಕಡೆ ಮದುವೆಯಾಗಿರುತ್ತಿತ್ತು. ಈ ಸಲ ಸಿದ್ದಾಪುರದ ಕಡೆಯ ಹುಡುಗಿ, ದನದ ಡಾಕ್ಟರು. ನೇರವಾಗಿ ಅವನ ಹತ್ತಿರವೇ ಒಮ್ಮೆ ವಿಡಿಯೋದಲ್ಲಿ ಮಾತಾಡಬೇಕು ಎಂದಿದ್ದಳು. ದಿನ ಗೊತ್ತಾಗಿತ್ತು, ಹೊತ್ತು ಗೊತ್ತಾಗಿತ್ತು. ಮರುದಿನ ಅವಳ ಮನೆಯವರು ಇನ್ನೊಂದು ಸಂಬಂಧಕ್ಕೆ ಮಾತು ಕೊಡುವವರಿದ್ದರು. ಅಂದರೆ ಈ ಕರೆ ತಪ್ಪಿದರೆ ಮಾಣಿ ಮಾಣಿಯಾಗಿಯೇ ಉಳಿಯುವುದು ಖಚಿತ.

ಆ ಸಂಜೆ ಹೋಟೆಲಿಗೆ ಮರಳಬೇಕಿತ್ತು. ಅಧ್ಯಕ್ಷರು ಇನ್ನೊಂದು ತೋಟದಲ್ಲಿ ಗೊಬ್ಬರದ ಗುಂಡಿಯ ಬಗ್ಗೆ ಪ್ರಶ್ನೆ ಕೇಳುತ್ತಲೇ ಇದ್ದರು. ಹೊತ್ತು ಮೀರಿತು. ಮಾಣಿ ಗಳಿಗೆಗೊಮ್ಮೆ ಗಡಿಯಾರ ನೋಡತೊಡಗಿದ.

"ಹೆದರಡ. ಯನ್ನ ಹಾಟ್‌ಸ್ಪಾಟ್ ಇದ್ದು," ಎಂದರು ಮನ್ಮನೆ ಭಾವ. ಮಾಣಿ ಆ ನೆಟ್ಟು ಹಿಡಿದುಕೊಂಡ. ಕರೆ ಬಂತು. ಪರದೆಯ ಮೇಲೆ ಹುಡುಗಿ. ಹಿಂದೆ ಎಲ್ಲೋ ಒಂದು ಎಮ್ಮೆ ಕೂಗಿತು.

ಹಾಟ್‌ಸ್ಪಾಟ್ ಎಂಬುದು ದೂರ ಹೋದರೆ ಕಡಿದುಹೋಗುತ್ತದೆ. ಆದ್ದರಿಂದ ಭಾವ ಮಾಣಿಯ ಭುಜಕ್ಕೆ ಭುಜ ತಾಗಿಸಿ ನಿಂತರು. ಭಾವ ನಿಂತರೆಂದು ಅಧ್ಯಕ್ಷರು ನಿಂತರು. ವ್ಯಾಪಾರಿ ಹಿಂದಿನಿಂದ ಇಣುಕಿದರು.

"ನಮಸ್ಕಾರ," ಎಂದಳು ಹುಡುಗಿ.

"ನಮಸ್ಕಾರ ತಂಗೀ," ಎಂದರು ಅಧ್ಯಕ್ಷರು. "ಊಟ ಆತ?"

ಮಾಣಿ ಬಾಯಿ ತೆರೆದ. "ಮಾಣಿ ಭಾರೀ ಸಂಭಾವಿತ," ಎಂದರು ಭಾವ. ಮಾಣಿ ಮತ್ತೆ ಬಾಯಿ ತೆರೆದ. "ಮೆಣಸು ಭಾಳ ಚಲೋ ಬೆಳೀತಾರ್ರಿ ಇವ್ರು, ನಾನೇ ತಗೊಳ್ಳೂದು," ಎಂದರು ವ್ಯಾಪಾರಿ. ನನ್ನ ಹೆಂಡತಿ ಎಲ್ಲರ ಅಂಗಿ ಹಿಡಿದು ಎಳೆಯಲು ಹೋಗಿ ತಾನೂ ಪರದೆಯೊಳಗೆ ಬಂದಳು. ಬಂದ ಮೇಲೆ ಸುಮ್ಮನಿರುವುದು ಹೇಗೆಂದು, "ನಿಂಗೆ ಸೀರೆ ಚೊಲೋ ಕಾಣ್ತು ಕೂಸೆ" ಎಂದಳು.

ಹುಡುಗಿ ತಾಳ್ಮೆಯಿಂದ ಎಲ್ಲರನ್ನೂ ನೋಡಿದಳು. ಸಂತೆಯಲ್ಲಿ ದನದ ಹಲ್ಲು ನೋಡುವವರು ಹಾಗೆ ನೋಡುತ್ತಾರೆ.

"ಒಂದು ಕೇಳ್ಲ? ಮದುವೆ ಆದ್ಮೇಲೂ ಇವ್ರೆಲ್ಲ ಸಂತಿಗೆ ಇರ್ತ್ರ?"

ನಮ್ಮಲ್ಲಿ ಸಂತಿಗೆ ಎಂದರೆ ಜೊತೆಗೆ. ಮಾಣಿ ಮೂರನೆಯ ಸಲ ಬಾಯಿ ತೆರೆದ. ಅಷ್ಟರಲ್ಲಿ ಪರದೆ ನಿಂತುಹೋಯಿತು. ಭಾವ ದಾರಿಯುದ್ದಕ್ಕೂ ಮನ್ಮನೆಗೆ ತೋಟದ ವಿಡಿಯೋ ಕಳಿಸಿದ್ದರು. ಅವರ ಇ-ಸಿಮ್ಮಿನ ಆಯುಷ್ಯ ಅಲ್ಲಿಗೆ ತೀರಿತು.

ಎಲ್ಲರೂ ಒಟ್ಟಿಗೆ ಮಾತಾಡಿದರು. ವ್ಯಾಪಾರಿ ಡ್ರೈವರನ ಫೋನು ಬೇಡಲು ಓಡಿದರು. ಹೆಂಡತಿ, "ಯಂದು ಚೂರು ಉಳದ್ದು, ತಗ ಮಾಣಿ" ಎಂದಳು. ಅಧ್ಯಕ್ಷರು ತಮ್ಮ ಬಳಿ ಏನೂ ಇಲ್ಲದಿದ್ದರೂ ಧಾರಾಳವಾಗಿ ತಮ್ಮ ಫೋನು ಚಾಚಿದರು. ಇನ್ನು ನಾನು. ಹುಡುಗಿಯ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ಹೋಗಲೇಬೇಕು. ಜೇಬಿನಿಂದ ಫೋನು ತೆಗೆದು ಹೇಳಿದೆ, "ನನ್ನದು ಹಿಡಿ. ಪಾಸ್‌ವರ್ಡ್ ಬರೆದುಕೋ. ಮೊದಲಕ್ಷರ ದೊಡ್ಡದು, ನಡುವೆ ಒಂದು ಅಡ್ಡಗೆರೆ."

ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೋ! ಕೊಟ್ರ? ನಿಂಗನೂ ಕೊಟ್ರ?"

ಮಾಣಿ ಮಾತ್ರ ಕೈ ಚಾಚಲಿಲ್ಲ.

"ಬ್ಯಾಡ."

"ಎಂತ ಬ್ಯಾಡ?"

"ನಿಂಗಳ ಯಾರದ್ದೂ ಬ್ಯಾಡ. ನೆಟ್ಟಿನ ಸಂತಿಗೆ ನಿಂಗನೂ ಬತ್ರಿ."

ಫೋನಿನ ವೈಫೈ ಬಂದ್ ಮಾಡಿದ. ಬ್ಯಾಂಕಿನ ಒಟಿಪಿ ಬರಲಿ ಎಂದು ಅವನ ಊರಿನ ನಂಬರಿಗೆ ರೋಮಿಂಗನ್ನು ನಾನೇ ತೆರೆಸಿಟ್ಟಿದ್ದೆ, ಆದರೆ ಪ್ಯಾಕ್ ಹಾಕಿಸಿರಲಿಲ್ಲ. ಪ್ಯಾಕ್ ಇಲ್ಲದೆ ಆ ನಂಬರಿನಿಂದ ಮಾತಾಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಷರತ್ತನ್ನು ಓದಿದವನು ನಾನೊಬ್ಬನೇ. ಅವನು ಆ ನಂಬರಿನಿಂದಲೇ ಹುಡುಗಿಗೆ ಫೋನು ಹಚ್ಚುವುದನ್ನು ಕಂಡು ಕೂಗಿಕೊಂಡೆ.

"ಮಾಣೀ! ಪ್ಯಾಕ್ ಇಲ್ಲೆ! ನಿಮಿಷದ ದರ ಗೊತ್ತಿದ್ದ ನಿಂಗೆ? ಮನೆಗೆ ಬರೋ ಬಿಲ್ಲು ನೋಡಿದ್ರೆ—"

ಅವನು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿದ. ಮೂವತ್ತು ವರ್ಷದ ಕೆಲಸದಲ್ಲಿ ನನಗೆ ಯಾರೂ ಹಾಗೆ ಮಾಡಿರಲಿಲ್ಲ. ಹೆಜ್ಜೆ ಮುಂದಿಟ್ಟ ಅಧ್ಯಕ್ಷರತ್ತ ಅಂಗೈ ಎತ್ತಿ, "ಒಬ್ರೂ ಹಿಂದೆ ಬರಡಿ" ಎಂದ. ಆಮೇಲೆ ಫೋನನ್ನು ಕಿವಿಗೊತ್ತಿಕೊಂಡು ಮೆಣಸಿನ ಕಂಬಗಳ ಸಾಲಿನೊಳಕ್ಕೆ ನಡೆದ.

"ಹಲೋ. ಆನು. ಈಗ ಆನೊಬ್ನೇಯ."